ಬಸುರಿ-ಬಾಣಂತಿಯರಿಗೆ ಆಪ್ತರು ಯಾರು?

'ಆಪ್ತಸಮಾಲೋಚನೆ' ಎಂಬ ಮಾತು ನಮ್ಮ ಕಡೆಯ ಜನಸಾಮಾನ್ಯರಿಗೆ ಮೊದಲು ಪರಿಚಯವಾದದ್ದು ಭಯದ ಜೊತೆಯಲ್ಲಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಗಳಲ್ಲಿ ಎಚ್.ಐ.ವಿ. ಸೋಂಕು ಹೆಚ್ಚಾಗಿ ಕಾಣಿಸಿಕೊಂಡ ಕಾಲವದು. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ಕಾರ್ಯಕ್ರಮ 2002ರಲ್ಲಿ ದೇಶದಲ್ಲಿ ಆರಂಭವಾದ ಮೇಲೆ ಸರ್ಕಾರಿ ಆಸ್ಪತ್ರೆಗೆ ಬಂದ ಬಸುರಿಯರ ರಕ್ತಪರೀಕ್ಷೆ ನಡೆಯತೊಡಗಿತು. ಪರೀಕ್ಷೆಯ ಮೊದಲೂ ಆಮೇಲೂ ಅವರೊಡನೆ ಕುಳಿತು ಮಾತನಾಡಲು ಆಪ್ತಸಮಾಲೋಚಕರೆಂಬ ಹೊಸ ಹುದ್ದೆಯವರು ಬಂದರು. ಹೀಗಾಗಿ ಆ ಫಲಕವಿದ್ದ ಕೋಣೆಯೊಳಗೆ ಹೋಗಿ ಬಂದವಳನ್ನು ಹೊರಗೆ ಕುಳಿತವರು ಒಂದು ಬಗೆಯಾಗಿ ನೋಡುವಂತಾಯಿತು. ಒಳ್ಳೆಯ ಉದ್ದೇಶದ ಕೋಣೆಯೊಂದಕ್ಕೆ ಇಂಥ ಹೆಸರು ಬಂದದ್ದು ದುರ್ದೈವ. ಆದರೆ ಆ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ ನಮ್ಮ ಶಾಸ್ತ್ರಗಳು ಬಹು ಹಿಂದೆಯೇ ಚರ್ಚಿಸಿದ ಎರಡು ವಿಚಾರಗಳು ಅಡಗಿವೆ. ಅವನ್ನು ಹಿಡಿದುಕೊಂಡು ಬಸುರಿಯರ ಮತ್ತು ಬಾಣಂತಿಯರ ವಿಷಯದಲ್ಲಿ ನಮಗಿರುವ ಕರ್ತವ್ಯವನ್ನು ಇಲ್ಲಿ ಪರಿಶೀಲಿಸುವ ಉದ್ದೇಶವಿದೆ.

ಮೊದಲನೆಯದು 'ಆಪ್ತ'. ಲೋಕವ್ಯವಹಾರದಲ್ಲಿ ಆಪ್ತನೆಂದರೆ ಹತ್ತಿರದವನು. ಶಾಸ್ತ್ರದಲ್ಲಿ ಹಾಗಲ್ಲ. ಸಮಂತಭದ್ರಾಚಾರ್ಯರು ಆಪ್ತನ ಪರೀಕ್ಷೆಗೆಂದೇ ಆಪ್ತಮೀಮಾಂಸೆಯೆಂಬ ಗ್ರಂಥವನ್ನು ರಚಿಸಿದರು. ವೀತರಾಗತ್ವ, ಸರ್ವಜ್ಞತ್ವ, ಹಿತೋಪದೇಶಿತ್ವ ಎಂಬ ಮೂರು ಲಕ್ಷಣಗಳುಳ್ಳವನೇ ಆಪ್ತನೆಂದು ನಾವು ಪಾಠಶಾಲೆಯಲ್ಲಿ ಕಲಿತಿದ್ದೇವೆ. ಇವುಗಳಲ್ಲಿ ಸರ್ವಜ್ಞತ್ವವನ್ನು ಯಾವ ಮನುಷ್ಯನಿಂದಲೂ ನಾವು ನಿರೀಕ್ಷಿಸುವಂತಿಲ್ಲ. ಉಳಿದ ಎರಡರ ಒಂದಂಶವನ್ನಾದರೂ ನಿರೀಕ್ಷಿಸಬಹುದು. ಎದುರು ಕುಳಿತವಳ ನಿರ್ಧಾರದಿಂದ ತನಗೆ ಯಾವ ಲಾಭವೂ ಬೇಡ, ಯಾವ ಮಾನವೂ ಬೇಡ ಎನ್ನುವವರು, ಅವಳ ಹಿತವನ್ನಷ್ಟೇ ನೋಡುವವರು ಆಪ್ತಸ್ಥಾನಕ್ಕೆ ಸಮೀಪದವರು. ಈ ಅಳತೆಯಿಂದ ನೋಡಿದರೆ ಮನೆಯವರು ಹತ್ತಿರದವರು ನಿಜ, ಆಪ್ತರೆಂದು ಹೇಳುವುದು ಯಾವಾಗಲೂ ಸಾಧ್ಯವಿಲ್ಲ. ವಂಶಕ್ಕೆ ಗಂಡು ಬೇಕೆಂಬ ಅತ್ತೆಗೆ ರಾಗವಿದೆ. ಬೀಗರ ಮುಂದೆ ತಲೆ ತಗ್ಗಬಾರದೆಂಬ ತಂದೆಗೆ ಭಯವಿದೆ. ಅವರ ಪ್ರೀತಿ ಸುಳ್ಳಲ್ಲ; ಅದು ಬಯಕೆಯೊಡನೆ ಬೆರೆತ ಪ್ರೀತಿ, ಅಷ್ಟೆ.

ಎರಡನೆಯದು 'ಆಲೋಚನೆ'. ಸಾಮಾನ್ಯ ಕನ್ನಡದಲ್ಲಿ ಅದಕ್ಕೆ ಯೋಚನೆಯೆಂಬ ಅರ್ಥ. ಪ್ರಾಯಶ್ಚಿತ್ತದ ಪ್ರಕರಣದಲ್ಲಿಯಾದರೋ ತನ್ನ ಮನಸ್ಸಿನಲ್ಲಿದ್ದುದನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸುವುದೇ ಆಲೋಚನೆ. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯಲ್ಲಿ, ಹಾಗೆ ಕೇಳಿಸಿಕೊಳ್ಳುವ ಆಚಾರ್ಯನಿಗಿರಬೇಕಾದ ಗುಣಗಳನ್ನು ಎಣಿಸುವಾಗ 'ಅಪರಿಸ್ರಾವಿ' ಎಂಬ ಗುಣವನ್ನು ಹೇಳಿದೆ. ಸೋರದವನು ಎಂದು ಅದರ ಅರ್ಥ. ಕಿವಿಗೆ ಬಿದ್ದುದು ಬಾಯಿಂದ ಹೊರಗೆ ಬೀಳಬಾರದು. ಇಂದು ಮನೋವೈದ್ಯರು ಗೋಪ್ಯತೆಯೆಂದು ಕರೆಯುವ ನಿಯಮವನ್ನು ಒಂದು ಪರಂಪರೆ ಇಷ್ಟು ಹಿಂದೆಯೇ ಧರ್ಮಾಚಾರ್ಯನ ಅರ್ಹತೆಯೆಂದು ಬಗೆದದ್ದು ಗಮನಾರ್ಹ. ಮುನಿಗಳ ಸಂದರ್ಭದಲ್ಲಿ ಹೇಳಿದ್ದನ್ನು ಬಾಣಂತಿಯ ಕೋಣೆಗೆ ಎಳೆದು ತರುವುದು ಸರಿಯೇ ಎಂದು ಕೆಲವರು ಕೇಳಬಹುದು. ನೋವನ್ನು ಹೇಳಿಕೊಳ್ಳುವವರ ಅಳುಕು ಎಲ್ಲೆಡೆಯೂ ಒಂದೇ ಬಗೆಯದು. ಆದ್ದರಿಂದ ಕೇಳುವವರಿಗೆ ಬೇಕಾದ ಗುಣವೂ ಒಂದೇ ಎಂಬುದು ನನ್ನ ಉತ್ತರ.

ಈಗ ವಸ್ತುಸ್ಥಿತಿಯನ್ನು ನೋಡೋಣ. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಅಲ್-ಅಮೀನ್ ಮತ್ತು ಬಿ.ಎಲ್.ಡಿ.ಇ. ಸಂಸ್ಥೆಗಳ ವೈದ್ಯಕೀಯ ಕಾಲೇಜುಗಳು 1980ರ ದಶಕದಿಂದ ಇವೆ. ಖಾಸಗಿ ಹೆರಿಗೆ ಆಸ್ಪತ್ರೆಗಳಿಗಂತೂ ಕೊರತೆಯಿಲ್ಲ. ತಿಕೋಟಾ, ಬಬಲೇಶ್ವರಗಳು ಈಗ ತಾಲ್ಲೂಕು ಕೇಂದ್ರಗಳು. ಹಳ್ಳಿಹಳ್ಳಿಯಲ್ಲಿ ಅಂಗನವಾಡಿಯಿದೆ, ಆಶಾ ಕಾರ್ಯಕರ್ತೆಯಿದ್ದಾಳೆ, ಬಸುರಿಯ ಕೈಯಲ್ಲಿ ತಾಯಿ ಕಾರ್ಡ್ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. 2018-20ರ ಅವಧಿಯಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಮರಣ ಹೊಂದಿದರೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ದೇಶದ ಸರಾಸರಿ ಆಗ 97. ಬಸುರಿಯೊಬ್ಬಳು ಹೆರಿಗೆಯಲ್ಲಿ ಸಾಯುವುದು ಹಣೆಬರಹವೆಂದು ನಮ್ಮ ಅಜ್ಜಿಯರು ಒಪ್ಪಿಕೊಂಡಿದ್ದ ನಾಡಿನಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂಬುದೂ ಇದೆ. ಹೆರಿಗೆಯ ಜಾಗ ಬದಲಾಯಿತು, ಒಂಬತ್ತು ತಿಂಗಳ ತಟ್ಟೆ ಬದಲಾಗಲಿಲ್ಲ.

ಆಶಾ ಕಾರ್ಯಕರ್ತೆಯ ಕೆಲಸವನ್ನು ಒಮ್ಮೆ ವಿವರವಾಗಿ ಗಮನಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಅವಳು 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂದು ನಿಯಮ. ಹೋಗುತ್ತಾಳೆ ಕೂಡ. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವಿಕೆ, ತಾಯಿಯ ರಕ್ತಸ್ರಾವ, ಜ್ವರ ಇಷ್ಟನ್ನೂ ನೋಡುತ್ತಾಳೆ. ನಡುವೆ, "ಆರಾಮ ಅದೀಯೇನವಾ?" ಎಂದು ಕೇಳುತ್ತಾಳೆ. "ಆರಾಮ ಅದೀನ್ರಿ ಅಕ್ಕಾರ" ಎಂದು ಬಾಣಂತಿ ಹೇಳುತ್ತಾಳೆ. ಬಾಗಿಲಲ್ಲಿ ಅತ್ತೆಯೋ ತಾಯಿಯೋ ನಿಂತಿರುತ್ತಾಳೆ. ಅಲ್ಲಿಗೆ ಮುಗಿಯಿತು. ಪ್ರಶ್ನೆ ಕೇಳಿದವಳದು ತಪ್ಪಲ್ಲ, ಉತ್ತರಿಸಿದವಳದೂ ತಪ್ಪಲ್ಲ. ಆ ಪ್ರಶ್ನೆಗೆ ಬೇರೆ ಉತ್ತರ ಹೇಳುವ ಅವಕಾಶವೇ ಅಲ್ಲಿರಲಿಲ್ಲ.

ಬೇರೆ ಉತ್ತರ ಏನಿರಬಹುದು? ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದ ಒಂದು ಪರಿಶೀಲನೆ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹೆರಿಗೆಯ ನಂತರ ಖಿನ್ನತೆಗೆ ಒಳಗಾಗುವವರು ನೂರಕ್ಕೆ 22. ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಚ್ಚುಕಡಿಮೆ ಇದೇ ಪ್ರಮಾಣವನ್ನು ಕಂಡಿತು. ಬಡತನ, ಗಂಡನೊಡನೆ ಸರಿಯಿಲ್ಲದ ಸಂಬಂಧ ಇವುಗಳ ಜೊತೆಗೆ, ಹೆಣ್ಣುಮಗುವಿದ್ದ ಮನೆಯಲ್ಲಿ ಮತ್ತೆ ಹೆಣ್ಣೇ ಹುಟ್ಟಿದುದು ತಾಯಿಯ ಖಿನ್ನತೆಗೆ ಕಾರಣಗಳಲ್ಲೊಂದೆಂದು ಆ ಅಧ್ಯಯನ ತೋರಿಸಿತು. ವಿಜಯಪುರದಿಂದ ದುಡಿಮೆಗಾಗಿ ಗೋವೆಗೆ ಹೋಗುವವರು ಎಷ್ಟು ಜನರೆಂಬುದು ನಮಗೆ ಗೊತ್ತು. ಅಲ್ಲಿಯ ತಾಯಂದಿರ ಮನಸ್ಸು ಬೇರೆ, ಇಲ್ಲಿಯವರದು ಬೇರೆ ಎನ್ನಲು ಯಾವ ಕಾರಣವೂ ಕಾಣದು. ಐವರಲ್ಲಿ ಒಬ್ಬಳು ಎಂದರೆ, ನಮ್ಮ ಓಣಿಯ ಪ್ರತಿ ಐದನೆಯ ತೊಟ್ಟಿಲಿನ ಪಕ್ಕದಲ್ಲಿ ಒಬ್ಬಳು ಸದ್ದಿಲ್ಲದೆ ಮುಳುಗುತ್ತಿದ್ದಾಳೆ ಎಂದು ಅರ್ಥ.

ಇದಲ್ಲದೆ, ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ತೀವ್ರವಾದ ಚಿತ್ತಭ್ರಮಣೆ ಉಂಟಾಗುತ್ತದೆ. ನಮ್ಮವರು ಅದನ್ನು ಬಾಣಂತಿ ಸನ್ನಿ ಎಂದು ಕರೆದರು. ಗಾಳಿ ಸೋಕಿತೆಂದು ಲಿಂಬೆಹಣ್ಣು ನಿವಾಳಿಸಿದರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿ ಎಂಬುದೊಂದಿದೆ ಎಂಬುದನ್ನು ಇಂಥ ಹೊತ್ತಿನಲ್ಲಿ ನೆನೆಯದಿದ್ದರೆ ಇನ್ನು ಯಾವಾಗ ನೆನೆಯುವುದು? ಇದು ಚಿಕಿತ್ಸೆಗೆ ಬಗ್ಗುವ ರೋಗ. ತಡಮಾಡಿದರೆ ತಾಯಿಗೂ ಕೂಸಿಗೂ ಅಪಾಯ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಇಂಥ ತಾಯಂದಿರನ್ನು ಕೂಸಿನಿಂದ ಅಗಲಿಸದೆ ಜೊತೆಯಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವನ್ನು ಆರಂಭಿಸಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ.

ಇಷ್ಟನ್ನು ಹೇಳಿದಾಗ ಹಿರಿಯರು ಎತ್ತುವ ಆಕ್ಷೇಪ ಒಂದುಂಟು. "ನಾವೇನು ಹಡೆದಿಲ್ಲೇನು? ನಮಗೆ ಯಾವ ಸಮಾಲೋಚನೆ ಇತ್ತು?" ಈ ಆಕ್ಷೇಪವನ್ನು ನಗೆಯಾಡಿ ತಳ್ಳಿಹಾಕುವುದು ನ್ಯಾಯವಲ್ಲ. ಅವರಿಗೆ ಸಮಾಲೋಚನೆ ಇತ್ತು. ಅದರ ಹೆಸರು ತವರುಮನೆ. ಐದು ತಿಂಗಳಲ್ಲಿ ಕುಪ್ಪಸ, ಏಳರಲ್ಲಿ ಸೀಮಂತ, ಆಮೇಲೆ ತವರಿಗೆ ಕರೆದೊಯ್ಯುವುದು, ಹೊರಸಿನ ಕೆಳಗೆ ಕೆಂಡದ ಶಾಖ, ಅಳವಿ ಪಾಯಸ, ಅಂಟಿನುಂಡೆ, ಮೂರನೆಯ ತಿಂಗಳವರೆಗೂ ಐದನೆಯ ತಿಂಗಳವರೆಗೂ ಬಾಣಂತನ. ಬಿಸಿನೀರು ಹೊಯ್ಯಲು ಬರುವ ಮುದುಕಿಗೆ ಹತ್ತಾರು ಮನೆಗಳ ಬಾಣಂತಿಯರನ್ನು ಕಂಡ ಅನುಭವವಿತ್ತು. ಅವಳ ಕೈ ಬೆನ್ನಿನ ಮೇಲೆ ಆಡುತ್ತಿದ್ದಾಗ ಮಾತು ತಾನಾಗಿ ಹೊರಬರುತ್ತಿತ್ತು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಗೆ ತೀರಿಕೊಂಡ ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದ್ದರು. ಅಂಥವರ ಕೈಗೆ ಬಂದವಳು ಒಬ್ಬ ರೋಗಿಯಾಗಿರಲಿಲ್ಲ, ಮಗಳಾಗಿದ್ದಳು.

ಆದರೆ ಆ ವ್ಯವಸ್ಥೆ ಇಂದು ಎಲ್ಲಿದೆ? ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಚಾಟಣಿಯ ಕಾಲಕ್ಕೆ, ಕಟಾವಿನ ಕಾಲಕ್ಕೆ ಕೂಲಿಗೆ ಹೋಗುವ ತಾಯಿ ಮಗಳ ಬಾಣಂತನಕ್ಕೆ ಐದು ತಿಂಗಳು ಮನೆಯಲ್ಲಿ ಕೂಡಲಾರಳು. ಬಬಲೇಶ್ವರದ ಕಡೆಯಿಂದ ಪುಣೆಗೋ ಮುಂಬಯಿಗೋ ಹೋದ ಮಗಳು ಹೆರಿಗೆಗೆ ಬಂದರೂ ಗಂಡನ ಕೆಲಸ, ಬಾಡಿಗೆಯ ಖೋಲಿ, ಹಿರಿಯ ಮಗುವಿನ ಶಾಲೆ ಎಂದು ನಲವತ್ತು ದಿನಕ್ಕೆ ಹೊರಡುತ್ತಾಳೆ. ತಾಂಡಾಗಳಿಂದ ಕಬ್ಬು ಕಡಿಯಲು ಗುಂಪಾಗಿ ಹೋದವರಲ್ಲಿ ಬಸುರಿಯರೂ ಇರುತ್ತಾರೆ. ಅವರಿಗೆ ತವರು ದೂರ, ತಾಯಿ ಕಾರ್ಡ್ ಕೊಟ್ಟ ಊರೂ ದೂರ. ಕಟ್ಟಡ ಬಿದ್ದುಹೋದ ಮೇಲೂ ಅದರ ಹೆಸರಿನಲ್ಲಿ ಬಾಡಿಗೆ ವಸೂಲು ಮಾಡಿದಂತೆ, ಇಲ್ಲದ ತವರನ್ನು ತೋರಿಸಿ ನಾವು ಹೊಣೆಯನ್ನು ತಪ್ಪಿಸಿಕೊಳ್ಳುತ್ತಿದ್ದೇವೆ.

ಇನ್ನೂ ಒಂದು ಮಾತು. ತವರುಮನೆ ಚೆನ್ನಾಗಿದ್ದ ಕಾಲದಲ್ಲೂ ಅಲ್ಲಿ ಎಲ್ಲವನ್ನೂ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಬೆನ್ನುನೋವನ್ನು ಹೇಳಬಹುದಿತ್ತು, ಮಗುವನ್ನು ಕಂಡರೆ ಪ್ರೀತಿ ಹುಟ್ಟುತ್ತಿಲ್ಲವೆಂದು ಹೇಳುವಂತಿರಲಿಲ್ಲ. ಗಂಡ ಕೈಯೆತ್ತಿದ್ದನ್ನು ಹೇಳಿದರೆ, ತಾಯಿ ಅತ್ತು, ಸಹಿಸಿಕೊಳ್ಳವ್ವಾ ಎಂದು ಹೇಳಿ ಕಳಿಸುತ್ತಿದ್ದಳು. ಪುರುಡಿನ ಸೂತಕವೂ ಹಾಗೆಯೇ ಇಬ್ಬಗೆಯದು. ಕೆಲಸದಿಂದ, ನೆಂಟರಿಂದ, ಸೋಂಕಿನಿಂದ ಅದು ತಾಯಿ-ಮಗುವನ್ನು ದೂರವಿಟ್ಟು ವಿಶ್ರಾಂತಿ ಕೊಟ್ಟಿತು. ಅದೇ ಸೂತಕವು ಅವಳನ್ನು ಮುಟ್ಟಬಾರದವಳೆಂದು ಮಾಡಿದಾಗ, ಮೊದಲೇ ಕುಗ್ಗಿದ ಮನಸ್ಸು ತಾನು ಹೊಲಸೆಂದೇ ನಂಬಿತು. ರಕ್ತ, ಹಾಲು, ಬೆವರು ಇರುವ ಶರೀರವನ್ನು ಕಂಡು ಹೇಸದಿರುವುದಕ್ಕೆ ನಿರ್ವಿಚಿಕಿತ್ಸೆ ಎಂದು ಹೆಸರು. ಅದನ್ನು ಮುನಿಗಳ ಮಲಿನ ದೇಹದ ವಿಷಯದಲ್ಲಿ ಪಾಲಿಸುವ ನಾವು ಹಡೆದ ಹೆಣ್ಣಿನ ವಿಷಯದಲ್ಲಿ ಮರೆಯುವುದು ವಿಚಿತ್ರ. ವಿಶ್ರಾಂತಿಯನ್ನು ಉಳಿಸಿಕೊಂಡು ಹೇಸಿಕೆಯನ್ನು ಬಿಡಲು ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲವೆಂದು ನನ್ನ ತಿಳಿವಳಿಕೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ-ನೀರನ್ನು ತಡೆಯುವುದು. ಇವನ್ನು ಓದುವಾಗ ನಮ್ಮ ಕಣ್ಣಮುಂದೆ ಎತ್ತು, ಕುದುರೆಗಳು ಬರುತ್ತವೆ; ಎತ್ತಿನ ಗಾಡಿಗೆ ಹೆಚ್ಚು ಚೀಲ ಹೇರಬಾರದೆಂದು ಮಕ್ಕಳಿಗೆ ವಿವರಿಸುತ್ತೇವೆ. ಎಂಟು ತಿಂಗಳ ಬಸುರಿ ತಲೆಯ ಮೇಲೆ ಎರಡು ಕೊಡ ಹೊತ್ತು ಬರುವುದನ್ನು ಕಂಡಾಗ ನಾಲ್ಕನೆಯ ಅತಿಚಾರ ನೆನಪಾಗುವುದಿಲ್ಲ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲು ಮಡಚಿ ಕುಳಿತು ಆರಿಸುವವಳು, ಔಷಧ ಹೊಡೆದ ಮರುದಿನವೇ ತೋಟದೊಳಗೆ ಇಳಿಯುವವಳು ಬಸುರಿಯೋ ಅಲ್ಲವೋ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. 2017ರ ತಿದ್ದುಪಡಿಯ ಮೂಲಕ ಹೆರಿಗೆ ರಜೆ 26 ವಾರಗಳಿಗೆ ಏರಿತು. ಅದು ಕಚೇರಿಯವಳಿಗೆ ತಲುಪಿತೇ ಹೊರತು ದಿನಗೂಲಿಯವಳಿಗೆ ತಲುಪಲಿಲ್ಲ. ತೋಟ, ಅಂಗಡಿ, ಶೆಡ್ಡು ಇರುವ ಶ್ರಾವಕರು ಈ ಪತ್ರಿಕೆಯ ವಾಚಕರಲ್ಲಿ ಇದ್ದಾರೆ. ಹೆರಿಗೆಯ ಮುಂಚೆ ಒಂದು ತಿಂಗಳು, ಆಮೇಲೆ ಎರಡು ತಿಂಗಳು ಅವಳ ಕೂಲಿಯ ಒಂದು ಭಾಗವನ್ನು ಕೊಡುವುದಕ್ಕೆ ಕಾನೂನು ಬರಲೆಂದು ಕಾಯಬೇಕಾಗಿಲ್ಲ.

ಐದನೆಯ ಅತಿಚಾರದ ವಿಷಯ ಇನ್ನೂ ಸೂಕ್ಷ್ಮವಾದುದು. ಅನ್ನವನ್ನು ಯಾರೂ ಕೈಹಿಡಿದು ತಡೆಯುವುದಿಲ್ಲ. ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣಬೇಕೆಂಬ ಪದ್ಧತಿ ತಡೆಯುತ್ತದೆ. ಬಸುರಿ ಹೆಚ್ಚು ತಿಂದರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವೆಂಬ ನಂಬಿಕೆ ತಡೆಯುತ್ತದೆ. ನಮ್ಮ ಸಮಾಜದಲ್ಲಿ ವ್ರತವೂ ಕೆಲವೊಮ್ಮೆ ತಡೆಯುತ್ತದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಸುರಿಯೊಬ್ಬಳು ಉಪವಾಸ ಹಿಡಿದರೆ ಬಸದಿಯಲ್ಲಿ ಹತ್ತು ಜನ ಹೊಗಳುತ್ತಾರೆ. ಹೊಗಳುವವರು ಷೋಡಶಕಾರಣ ಭಾವನೆಗಳನ್ನೂ ಓದಿದವರೇ. ತ್ಯಾಗ ಮತ್ತು ತಪಸ್ಸುಗಳ ಹಿಂದೆ 'ಶಕ್ತಿತಃ' ಎಂಬ ಪದವಿರುವುದು ಅವರಿಗೆ ಗೊತ್ತು. ಶಕ್ತಿಗೆ ಮೀರಿದ್ದು ತಪವಾಗುವುದಿಲ್ಲ. ಅದೂ ಗರ್ಭದಲ್ಲಿರುವ ಮತ್ತೊಂದು ಜೀವದ ಶಕ್ತಿಯನ್ನು ತೆಗೆದು ಮಾಡುವ ತಪ ಯಾರದೆನ್ನಬೇಕು? ರಾತ್ರಿ ಮೂರು ಬಾರಿ ಎದ್ದು ಹಾಲೂಡುವ ಬಾಣಂತಿಯ ಹಸಿವಿನ ಪ್ರಶ್ನೆ ಇದಕ್ಕಿಂತ ಕಠಿಣ. ರಾತ್ರಿಭೋಜನ ತ್ಯಾಗ ನಮ್ಮ ಮನೆಗಳ ಗುರುತು. ಇದರಲ್ಲಿ ನಾನು ವಿಧಿ ಹೇಳುವ ಅಧಿಕಾರಿಯಲ್ಲ. ಸೂರ್ಯಾಸ್ತಕ್ಕೆ ಮುಂಚೆ ಅವಳಿಗೆ ಎರಡು ಬಾರಿ ಹೊಟ್ಟೆತುಂಬ ಬಡಿಸುವ ಹೊಣೆಯನ್ನು ಮನೆಯವರು ಹೊತ್ತಿದ್ದಾರೆಯೇ ಎಂದು ಮೊದಲು ಕೇಳಬೇಕು; ಅಷ್ಟಾಗಿಯೂ ಸಾಲದಿದ್ದರೆ ತ್ಯಾಗಿಗಳ ಹತ್ತಿರ ಅವಳ ಪರವಾಗಿ ಹೋಗಿ ಮಾರ್ಗ ಕೇಳುವವರು ಬೇಕು. ಅವಳು ಕದ್ದು ತಿಂದು ಪಾಪಭೀತಿಯಲ್ಲಿ ಬೇಯುವಂತೆ ಬಿಡುವುದು ಮಾತ್ರ ಸಲ್ಲದು.

ಇಲ್ಲಿಯವರೆಗೆ ದೇಹದ ಮಾತಾಯಿತು. ಮನಸ್ಸಿನ ವಿಷಯದಲ್ಲಿ ನಮ್ಮ ದೊಡ್ಡ ಅಡ್ಡಿಯೆಂದರೆ ಉಪದೇಶದ ಚಪಲ. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಒಂದು ಪ್ರಸಂಗವಿದೆ. ಗರ್ಭದಲ್ಲಿದ್ದ ವರ್ಧಮಾನನು ತನ್ನ ಚಲನೆಯಿಂದ ತಾಯಿಗೆ ನೋವಾಗುತ್ತದೆಂದು ಕರುಣೆಯಿಂದ ಅಲುಗಾಡದೆ ನಿಂತುಬಿಟ್ಟನಂತೆ. ತ್ರಿಶಲಾದೇವಿ ಗರ್ಭಕ್ಕೆ ಏನೋ ಆಯಿತೆಂದು ಹಂಬಲಿಸಿ ಅತ್ತಳು. ಅದನ್ನು ಅರಿತು ಮಗು ಮತ್ತೆ ಮಿಸುಕಿತು. ಆಗ ಅವಳ ದುಃಖ ಹರಿಯಿತು. ದಿಗಂಬರ ಪುರಾಣಗಳು ಈ ಪ್ರಸಂಗವನ್ನು ಹೇಳುವುದಿಲ್ಲ. ಅದರ ಪ್ರಾಮಾಣ್ಯದ ಚರ್ಚೆ ನಮಗೆ ಬೇಡ. ನನ್ನನ್ನು ಸೆಳೆದದ್ದು ಅದರೊಳಗಿನ ಸೂಕ್ಷ್ಮ. ಕರುಣೆಯಿಂದಲೇ ಮಾಡಿದ್ದು ನೋವಾಯಿತು, ಏಕೆಂದರೆ ಯಾರಿಗಾಗಿ ಮಾಡಿದನೋ ಅವಳಿಗೆ ಏನು ಬೇಕೆಂಬುದು ಅದಕ್ಕೆ ಮೊದಲು ತಿಳಿದಿರಲಿಲ್ಲ. ತಿಳಿದೊಡನೆ ತಿದ್ದಿಕೊಂಡನೆಂಬುದು ದೊಡ್ಡ ಮಾತು. ನಾವು ಬಾಣಂತಿಯ ಮುಂದೆ ಕುಳಿತು, ಮಗುವಿನ ಮುಖ ನೋಡಿ ಎಲ್ಲ ಮರಿ, ಧೈರ್ಯ ತಂದುಕೊ, ದೇವರು ಒಳ್ಳೆಯದು ಮಾಡುತ್ತಾನೆ ಎಂದು ಹೇಳುತ್ತ ಹೋಗುತ್ತೇವೆ. ಅವಳು ಸುಮ್ಮನಾದರೆ ಸಮಾಧಾನವಾಯಿತೆಂದು ತಿಳಿಯುತ್ತೇವೆ.

ಧೈರ್ಯ ಹೇಳುವುದರಲ್ಲಿ ಸತ್ಯದ ಪ್ರಶ್ನೆಯೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ನಾಡಿನ ಎಲ್ಲ ಬಸುರಿಯರ ಕಿವಿಗೂ ಬಿದ್ದಿತು. ಅಂಥ ದಿನಗಳಲ್ಲಿ ಆಸ್ಪತ್ರೆಗೆ ಹೋಗಲು ಹೆದರಿದವಳಿಗೆ ಏನೂ ಆಗುವುದಿಲ್ಲ ಎಂದು ಹೇಳುವುದು ಸುಳ್ಳು. ಅಪಾಯ ಎಷ್ಟು, ಮನೆಯಲ್ಲಿ ಹಡೆದರೆ ಅದು ಹೇಗೆ ಹೆಚ್ಚು, ಯಾವ ಲಕ್ಷಣ ಕಂಡರೆ ಯಾರನ್ನು ಕರೆಯಬೇಕು ಎಂದು ತಿಳಿಸಿ, ಜೊತೆಯಲ್ಲಿ ಬರುತ್ತೇನೆಂದು ಹೇಳುವುದು ಅಭಯದಾನ. ಅಭಯವೆಂದರೆ ಭಯಕ್ಕೆ ಕಾರಣವೇ ಇಲ್ಲವೆಂದು ನಟಿಸುವುದಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರುತ್ತೇನೆ. ಬಸುರನ್ನು ಮುಂದುವರಿಸಲಾರೆ ಎಂದು ಒಬ್ಬಳು ಬಂದು ಹೇಳಿದರೆ ಅಹಿಂಸೆಯನ್ನು ನಂಬಿದ ಆಪ್ತೆ ಏನು ಮಾಡಬೇಕು? ಗರ್ಭದಲ್ಲಿರುವುದು ಜೀವವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅದನ್ನು ಕಳೆಯುವುದು ಹಿಂಸೆಯೆಂಬುದರಲ್ಲಿಯೂ ಇಲ್ಲ. ಆದರೆ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಹೇಳಿದೆ. ಮಾಡಿದವರು, ಮಾಡಿಸಿದವರು, ಸರಿಯೆಂದವರು. ಮೇಜಿನ ಮೇಲೆ ಮಲಗುವವಳು ಒಬ್ಬಳೇ. 1994ರ ಕಾಯಿದೆ ನಿಷೇಧಿಸಿದ ಲಿಂಗಪತ್ತೆಗೆ ಗಡಿಯಾಚೆಯ ಯಾವುದೋ ಊರಿಗೆ ಅವಳನ್ನು ಕರೆದೊಯ್ದವರು, ಮೂರನೆಯದೂ ಹೆಣ್ಣಾದರೆ ಎಂದು ಊಟದ ಹೊತ್ತಿನಲ್ಲಿ ಮಾತು ಬಿಟ್ಟವರು, ಮದುವೆಯ ವಯಸ್ಸಾಗುವ ಮೊದಲೇ ಅವಳನ್ನು ಧಾರೆಯೆರೆದವರು ಕಾರಿತ ಅನುಮೋದಿತಗಳಿಂದ ಹೇಗೆ ಹೊರಗುಳಿದಾರು? ಅವಳೊಬ್ಬಳಿಗೆ ನರಕದ ಚಿತ್ರ ತೋರಿಸುವುದು ಸುಲಭ. ಅವಳ ಮನೆಯಲ್ಲಿ ಕುಳಿತು, ಈ ಮಗು ಬಂದರೆ ಅದಕ್ಕೂ ತಾಯಿಗೂ ಅನ್ನ, ಮಾನ, ರಕ್ಷೆ ಕೊಡುವ ಹೊಣೆ ನಮ್ಮದು ಎಂದು ಲಿಖಿತವಾಗಿ ಹೇಳುವ ಸಮಾಜ ಬೇಕು. ಬೆದರಿಸುವ ಹತ್ತು ಜನಕ್ಕಿಂತ ಆ ಒಂದು ಮಾತು ಗರ್ಭವನ್ನು ಹೆಚ್ಚು ಕಾಪಾಡುತ್ತದೆಂದು ನನ್ನ ನಂಬಿಕೆ.

ಹಾಗೆಂದು ಸಹಾಯದ ಹೆಸರಿನಲ್ಲಿ ವಂಚನೆ ಕೂಡದು. ಧಾರ್ಮಿಕ ಸಂಸ್ಥೆಯೊಂದು ಇಂಥ ಕೇಂದ್ರ ನಡೆಸಿದರೆ, ಗರ್ಭಪಾತಕ್ಕೆ ತಾನು ನೆರವಾಗುವುದಿಲ್ಲವೆಂದು ಮೊದಲೇ ಹೇಳಿಬಿಡಬೇಕು. ಹೇಳದೆ ಕಾಲಹರಣ ಮಾಡಿಸುವುದು, ಇಲ್ಲದ ರೋಗಗಳ ಭಯ ಹುಟ್ಟಿಸುವುದು ಸತ್ಯವ್ರತದ ಭಂಗ. 1971ರ ಕಾಯಿದೆ ಮತ್ತು 2021ರ ತಿದ್ದುಪಡಿಯಂತೆ ಕೆಲವು ಸಂದರ್ಭಗಳಲ್ಲಿ ಅವಳಿಗೆ ಹಕ್ಕಿದೆ. ಹದಿನೆಂಟು ತುಂಬಿದವಳ ಒಪ್ಪಿಗೆಯೊಂದೇ ಅದಕ್ಕೆ ಸಾಕು. ಜೀವಕ್ಕೆ ಅಪಾಯವಿರುವವಳಿಗೆ, ಬಲಾತ್ಕಾರಕ್ಕೆ ಒಳಗಾದವಳಿಗೆ ವೈದ್ಯರ ದಾರಿಯನ್ನು ಮುಚ್ಚಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಿರ್ಧಾರ ಏನೇ ಆಗಲಿ, ಆಮೇಲೂ ಅವಳು ಅದೇ ಬಾಗಿಲಿಗೆ ಬರಲು ಅಂಜಬಾರದು. ಸ್ಥಿತಿಕರಣವೂ ಉಪಗೂಹನವೂ ಸಮ್ಯಗ್ದರ್ಶನದ ಅಂಗಗಳೇ: ಜಾರಿದವರನ್ನು ಎತ್ತಿ ನಿಲ್ಲಿಸುವುದು, ಅವರ ದೋಷವನ್ನು ಡಂಗುರ ಸಾರದಿರುವುದು. ವಾತ್ಸಲ್ಯವನ್ನು ಇವುಗಳ ಪಕ್ಕದಲ್ಲಿಯೇ ಹೇಳಿದ್ದಾರೆ.

ಗಂಡಸರ ಬಗ್ಗೆ ಎರಡು ಮಾತು. ವಾರ್ಡಿನ ಹೊರಗೆ ಔಷಧದ ಚೀಟಿ ಹಿಡಿದು ನಿಂತ ಇಪ್ಪತ್ತೆರಡು ವರ್ಷದ ತಂದೆಯನ್ನು, ದುಡ್ಡು ತಂದೆಯಾ ಎಂಬುದರ ಹೊರತು ಯಾರೂ ಏನೂ ಕೇಳುವುದಿಲ್ಲ. ಅವನಿಗೂ ಭಯವಿದೆ, ಸಾಲವಿದೆ. ಹೆಂಡತಿ ಏಕೆ ಅಳುತ್ತಾಳೆಂದು ತಿಳಿಯದ ಸಿಟ್ಟಿದೆ. ಅವನಿಗೆ ಒಂದು ಗಂಟೆ ತಿಳಿಹೇಳಿದರೆ ಅವಳಿಗೆ ಹತ್ತು ದಿನದ ನೆಮ್ಮದಿ.

ಇದಕ್ಕೆಲ್ಲ ದೊಡ್ಡ ಪದವಿಯವರೇ ಬೇಕೆಂದು ತಿಳಿಯಬೇಕಾಗಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಎಂಬ ಮನೋವೈದ್ಯರು ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಸಹಾಯಕಿಯರಿಗೇ ತರಬೇತಿ ಕೊಟ್ಟು, ಖಿನ್ನರಾದ ಬಸುರಿಯರ ಮನೆಗಳಿಗೆ ಕಳಿಸಿದರು. ಸುಮಾರು ಒಂಬತ್ತು ನೂರು ಮಹಿಳೆಯರು ಆ ಪ್ರಯೋಗದಲ್ಲಿದ್ದರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ, ತರಬೇತಾದವರು ಭೇಟಿಕೊಟ್ಟ ತಾಯಂದಿರಲ್ಲಿ ನೂರಕ್ಕೆ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು; ಬರಿಯ ವಾಡಿಕೆಯ ಭೇಟಿಯಷ್ಟೇ ದೊರೆತವರಲ್ಲಿ 53. ಇದು 2008ರಲ್ಲಿ ಪ್ರಕಟವಾದ ಸಂಗತಿ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರಚಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡಕ್ಕೂ ಬಂದಿದೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಸಾಮಾನ್ಯ ಗೃಹಸ್ಥರಿಗೂ ಆಪ್ತಸಲಹೆಯ ತರಬೇತಿ ಕೊಡಬಹುದೆಂದು ನಮ್ಮ ನಾಡಿನಲ್ಲಿಯೇ ತೋರಿಸಿದ್ದಾರೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿಮಾನಸ್ ಸೇವೆಯಲ್ಲಿ ಉಚಿತವಾಗಿ ಮಾತನಾಡಬಹುದು. ಫೋನು ಗಂಡನ ಕಿಸೆಯಲ್ಲಿರುವವರೆಗೆ ಆ ಸಂಖ್ಯೆ ಎಲ್ಲರಿಗೂ ಉಪಯೋಗವಾಗದು, ಅದು ಬೇರೆ ಮಾತು.

ಹಾಗಾದರೆ ತಿಕೋಟಾ, ಬಬಲೇಶ್ವರಗಳಲ್ಲಿ ಏನು ಮಾಡಬಹುದು? ಆಶಾ ಕಾರ್ಯಕರ್ತೆ ಅದೇ ಓಣಿಯವಳು, ಹಲವೊಮ್ಮೆ ನೆಂಟಳು; ಅವಳಿಗೆ ಹೇಳಿದ್ದು ಸೋರುತ್ತದೆಂಬ ಅಂಜಿಕೆ ಇದ್ದೇ ಇರುತ್ತದೆ. ಆದ್ದರಿಂದ ಬೇರೆ ಊರಿನ ಇಬ್ಬರು ಹೆಂಗಸರು ಬಂದು ಕೂಡುವುದು ಮೇಲು. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಓದಿ ಬಂದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಸಮುದಾಯ ಭವನಗಳ ಕೋಣೆಗಳು ವರ್ಷದ ಬಹುಭಾಗ ಬೀಗ ಹಾಕಿಕೊಂಡಿರುತ್ತವೆ. ಅವುಗಳಲ್ಲೊಂದನ್ನು ವಾರಕ್ಕೊಂದು ದಿನ ತೆರೆಯಬೇಕು; ಅದು ಸಂತೆಯ ದಿನವಾಗಿರಲಿ, ಏಕೆಂದರೆ ಅಂದು ಊರಿಗೆ ಬರಲು ಹೆಂಗಸಿಗೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ನಮ್ಮವರಿಗೆ ಮಾತ್ರವೆಂಬ ಕಟ್ಟು ಬೇಡ. ತಾಂಡಾದವಳೂ, ಮುಸಲ್ಮಾನರ ಓಣಿಯವಳೂ ಬರಲಿ. ಫಲಕದ ಮೇಲೆ ಸಮಾಲೋಚನೆ ಎಂದು ಬರೆಯದೆ ತಾಯಿ-ಮಗುವಿನ ಕೋಣೆ ಎಂದಷ್ಟೇ ಬರೆಯಬಹುದು. ಕೂಸಿನ ತೂಕ ನೋಡುವ ತಕ್ಕಡಿಯೊಂದು ಒಳಗಿದ್ದರೆ ಒಳಗೆ ಹೋದವಳು ಏಕೆ ಹೋದಳೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಕೀಲಿ ಆ ಇಬ್ಬರ ಹತ್ತಿರವೇ ಇರಬೇಕು, ಆಡಳಿತ ಮಂಡಳಿಯ ಹತ್ತಿರವಲ್ಲ. ಬಂದವರ ಹೆಸರು ಬರೆಯುವ ಪುಸ್ತಕವೂ ಬೇಡ. ವರ್ಷದ ಕೊನೆಯಲ್ಲಿ ಲೆಕ್ಕ ಕೇಳುವ ದಾನಿಗಳಿಗೆ ಎಷ್ಟು ಜನ ಬಂದರೆಂಬ ಸಂಖ್ಯೆಯೊಂದನ್ನು ಕೊಟ್ಟರೆ ಸಾಕು.